ಬೀಗ ತೆಗೆದರೂ ಡೊಮೇನ್ ಹೊರಡದಿದ್ದರೆ

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ನಮ್ಮ ಉಡುಪಿ ಕಡೆಯವರ ಒಂದು ಹೋಟೆಲ್ ಇದೆ. ಕೆಳಗೆ ಟಿಫಿನ್, ಮೇಲೆ ಊಟದ ಹಾಲ್. ಮದುವೆ, ಮುಂಜಿ, ಪೂಜೆಯ ಅಡುಗೆ ಆರ್ಡರ್‌ಗಳು ಅವರ ವೆಬ್‌ಸೈಟಿನಿಂದಲೇ ಬರುತ್ತವೆ. ಆ ಸೈಟಿನ ಹೆಸರನ್ನು, ಅಂದರೆ ಡೊಮೇನನ್ನು, ಒಂದು ರಿಜಿಸ್ಟ್ರಾರ್‌ನಿಂದ (ಹೆಸರು ನೋಂದಾಯಿಸಿಕೊಡುವ ಕಂಪನಿಯಿಂದ) ಇನ್ನೊಂದಕ್ಕೆ ಟ್ರಾನ್ಸ್‌ಫರ್ ಮಾಡಿಕೊಡಿ ಅಂತ ಯಜಮಾನರು ಕರೆದಿದ್ದರು. ಡೊಂಬಿವಲಿಯಿಂದ ಲೋಕಲ್ ಹತ್ತಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಗಲ್ಲಾದ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಆ ಹೊತ್ತಿಗೆ ಹೋಟೆಲ್ ಸ್ವಲ್ಪ ಖಾಲಿ ಇರುತ್ತದೆ.

ಹಳೆಯ ಕಂಪನಿಯ ಪ್ಯಾನೆಲ್‌ನಲ್ಲಿ, ಅಂದರೆ ಲಾಗಿನ್ ಆಗಿ ಡೊಮೇನ್ ನೋಡಿಕೊಳ್ಳುವ ಪುಟದಲ್ಲಿ, ಟ್ರಾನ್ಸ್‌ಫರ್ ತಡೆಯುವ ಬೀಗ ತೆಗೆದೆ. ಹಸಿರು ಬಣ್ಣದಲ್ಲಿ ‘ಅನ್‌ಲಾಕ್ಡ್’ ಅಂತ ಬಂತು. ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಕೋಡ್ ತೆಗೆದುಕೊಂಡು ಹೊಸ ಕಡೆ ಹಾಕಿದೆ. ಎರಡೇ ನಿಮಿಷದಲ್ಲಿ ಕೆಂಪು ಸಾಲು ಬಂತು: ಡೊಮೇನ್ ಲಾಕ್ ಆಗಿದೆ, ಟ್ರಾನ್ಸ್‌ಫರ್ ಸಾಧ್ಯವಿಲ್ಲ.

ಯಜಮಾನರು ಗಲ್ಲಾದಿಂದಲೇ ಬಗ್ಗಿ ನೋಡಿದರು. “ಎಂತ ಮಾರಾಯ್ರೆ, ಬೀಗ ತೆಗೆದದ್ದು ನಾನೇ ಕಣ್ಣಾರೆ ಕಂಡಿದ್ದೇನೆ. ಮತ್ತೆ ಬೀಗ ಉಂಟು ಅಂತ ಹೇಳುವುದು ಎಂತಕ್ಕೆ?”

ಡೊಮೇನ್ ಕೆಲಸ ಮಾಡುವವರಿಗೆ ಈ ಪ್ರಶ್ನೆ ತುಂಬಾ ಸಲ ಎದುರಾಗುತ್ತದೆ. ಹೆಚ್ಚಿನವರು ಆಗ ಮಾಡುವುದು ಏನು? ಬೀಗ ಮತ್ತೆ ಹಾಕುತ್ತಾರೆ, ತೆಗೆಯುತ್ತಾರೆ, ಇನ್ನೊಂದು ಕೋಡ್ ತರಿಸುತ್ತಾರೆ, ಇನ್ನೊಂದು ಸಲ ಹಾಕುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಕೆಲವೊಮ್ಮೆ ಇರುವ ಕೋಡೂ ಕೆಡುತ್ತದೆ. ಮೊದಲು ಗೊತ್ತಾಗಬೇಕಾದದ್ದು ಒಂದೇ: ಆ ಬೀಗ ಹಾಕಿದ್ದು ಯಾರು? ಹಾಕಿದವರೇ ತೆಗೆಯಬೇಕು. ಬೇರೆಯವರ ಹತ್ತಿರ ಎಷ್ಟು ಕೇಳಿಕೊಂಡರೂ ಪ್ರಯೋಜನವಿಲ್ಲ.

ಪ್ಯಾನೆಲ್ ಬಿಟ್ಟು ರಿಜಿಸ್ಟ್ರಿಯನ್ನು ಕೇಳಿ

ನಿಮ್ಮ ಪ್ಯಾನೆಲ್‌ನಲ್ಲಿ ಕಾಣುವುದು ನಿಮ್ಮ ಕಂಪನಿ ಹೇಳುವ ಮಾತು. ಆದರೆ ಅಸಲಿ ದಫ್ತರ ಇಟ್ಟುಕೊಳ್ಳುವುದು ರಿಜಿಸ್ಟ್ರಿ ಅನ್ನುವ ಸಂಸ್ಥೆ. ಡಾಟ್ ಕಾಮ್ ಹೆಸರುಗಳದ್ದು ವೆರಿಸೈನ್ ಹತ್ತಿರ. ಡಾಟ್ ಆರ್ಗ್ ಹೆಸರುಗಳದ್ದು ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ ಹತ್ತಿರ. ಟ್ರಾನ್ಸ್‌ಫರ್ ಆಗಬೇಕೋ ಬೇಡವೋ ಅಂತ ನೋಡುವಾಗ ಲೆಕ್ಕಕ್ಕೆ ಬರುವುದು ಆ ದಫ್ತರದಲ್ಲಿ ಬರೆದಿರುವುದು ಮಾತ್ರ.

ಅದನ್ನು ಯಾರು ಬೇಕಾದರೂ ನೋಡಬಹುದು. ಡಾಟ್ ಕಾಮ್ ತರಹದ ಹೆಸರುಗಳಿಗೆ ನಿಯಮ ಮಾಡುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟಕ್ಕೆ ಹೋಗಿ ಡೊಮೇನ್ ಹೆಸರು ಹಾಕಿದರೆ ಸಾಕು. ಮೊದಲು ಇದನ್ನು ‘ಹೂ ಈಸ್’ ನೋಡುವುದು ಅನ್ನುತ್ತಿದ್ದೆವು. 2025ರ ಜನವರಿ 28ರಿಂದ ಡಾಟ್ ಕಾಮ್ ತರಹದ ಹೆಸರುಗಳಿಗೆ ಹೂ ಈಸ್ ಸೇವೆ ಕೊಡಲೇಬೇಕು ಅನ್ನುವ ಕಡ್ಡಾಯ ಇಲ್ಲ. ಅದರ ಜಾಗಕ್ಕೆ ಆರ್‌ಡಿಎಪಿ ಅನ್ನುವ ಹೊಸ ವ್ಯವಸ್ಥೆ ಬಂದಿದೆ. ನೋಡುವವರಿಗೆ ಜಾಸ್ತಿ ವ್ಯತ್ಯಾಸವೇನಿಲ್ಲ. ಆದರೆ ಎಲ್ಲೋ ಹುಡುಕಿದ ಹಳೆಯ ಹೂ ಈಸ್ ಸೈಟು ಹಳಸಿದ ಮಾಹಿತಿ ತೋರಿಸಬಹುದು. ಅದನ್ನು ನಂಬಿಕೊಂಡು ಕೂರಬೇಡಿ. ಆರ್‌ಡಿಎಪಿ ಉತ್ತರದ ಕೆಳಗಡೆ ದಫ್ತರ ಕೊನೆಯ ಸಲ ಅಪ್‌ಡೇಟ್ ಆದ ಸಮಯ ಇರುತ್ತದೆ. ಮೊದಲು ಅದನ್ನು ನೋಡಿ.

ಇನ್ನು ‘ಸ್ಟೇಟಸ್’ ಅನ್ನುವ ಜಾಗಕ್ಕೆ ಬನ್ನಿ. ಹೋಟೆಲಿನ ಡೊಮೇನಿಗೆ ಅಲ್ಲಿ ಮೂರು ಸಾಲು ಇದ್ದವು: ಕ್ಲೈಂಟ್ ಡಿಲೀಟ್ ಪ್ರೊಹಿಬಿಟೆಡ್, ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್, ಕ್ಲೈಂಟ್ ಅಪ್‌ಡೇಟ್ ಪ್ರೊಹಿಬಿಟೆಡ್. ಮೂರನ್ನೂ ನೋಡಿ ಗಾಬರಿಯಾಗಬೇಡಿ. ಮೊದಲನೆಯದು ಹೆಸರನ್ನು ಅಳಿಸದಂತೆ ತಡೆಯುತ್ತದೆ. ಮೂರನೆಯದು ವಿವರ ಬದಲಿಸದಂತೆ ತಡೆಯುತ್ತದೆ. ಟ್ರಾನ್ಸ್‌ಫರ್ ನಿಲ್ಲಿಸುವುದು ನಡುವಿನದು ಒಂದೇ. ಬೀಗ ಏನೂ ಇಲ್ಲದಿದ್ದರೆ ಅಲ್ಲಿ ‘ಆಕ್ಟಿವ್’ ಅಂತ ಇರುತ್ತದೆ. ಹಳೆಯ ಹೂ ಈಸ್‌ನಲ್ಲಿ ಅದನ್ನೇ ‘ಓಕೆ’ ಅಂತ ತೋರಿಸುತ್ತಿದ್ದರು.

ಹೆಸರಿನ ಮೊದಲ ಪದವನ್ನು ಚೆನ್ನಾಗಿ ನೋಡಿ. ಎಲ್ಲ ಗುಟ್ಟೂ ಅಲ್ಲೇ ಇದೆ. ‘ಕ್ಲೈಂಟ್’ ಅಂತ ಶುರುವಾದರೆ ಬೀಗ ಹಾಕಿದ್ದು ನಿಮ್ಮ ರಿಜಿಸ್ಟ್ರಾರ್. ‘ಸರ್ವರ್’ ಅಂತ ಶುರುವಾದರೆ ಹಾಕಿದ್ದು ರಿಜಿಸ್ಟ್ರಿ. ಮುಂಬೈಯ ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಕ್ಲೈಂಟ್ ಬೀಗ ಅಂದರೆ ನಮ್ಮ ಮನೆ ಬಾಗಿಲಿನ ಲ್ಯಾಚ್. ಸರ್ವರ್ ಬೀಗ ಅಂದರೆ ಸೊಸೈಟಿ ಗೇಟಿಗೆ ಹಾಕಿದ ಬೀಗ. ಮನೆ ಬಾಗಿಲು ಹಾರು ಹೊಡೆದಿದ್ದರೂ ಗೇಟು ಮುಚ್ಚಿದ್ದರೆ ಸಾಮಾನಿನ ಟೆಂಪೊ ಹೊರಗೆ ಹೋಗುವುದಿಲ್ಲ.

ಸರ್ವರ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್ ಕಂಡರೆ ಪ್ಯಾನೆಲ್‌ನಲ್ಲಿ ಕ್ಲಿಕ್ ಮಾಡುತ್ತಾ ಕೂರುವುದು ದಂಡ. ಅದು ಎರಡು ಕಾರಣಕ್ಕೆ ಬಿದ್ದಿರಬಹುದು. ಒಂದು, ನೀವೇ ದುಡ್ಡು ಕೊಟ್ಟು ‘ರಿಜಿಸ್ಟ್ರಿ ಲಾಕ್’ ಸೇವೆ ತೆಗೆದುಕೊಂಡಿರುತ್ತೀರಿ. ಬ್ಯಾಂಕು, ದೊಡ್ಡ ಕಂಪನಿಗಳು ಇದನ್ನು ಮಾಡಿಸುತ್ತವೆ. ಅದನ್ನು ತೆಗೆಸಲು ಮೊದಲೇ ಗೊತ್ತುಮಾಡಿದ ವ್ಯಕ್ತಿಯೇ ರಿಜಿಸ್ಟ್ರಾರ್ ಮೂಲಕ ಕೇಳಬೇಕು, ಗುರುತು ಪರೀಕ್ಷೆ ಆಗಬೇಕು. ಇನ್ನೊಂದು, ಹೆಸರಿನ ಮೇಲೆ ತಕರಾರು ಅಥವಾ ಕೋರ್ಟ್ ಆದೇಶ ಇರುತ್ತದೆ. ಆಗ ಬೇಕಾಗುವುದು ವಕೀಲರು.

ಪ್ಯಾನೆಲ್ ಒಂದು ಹೇಳಿ, ದಫ್ತರ ಇನ್ನೊಂದು ಹೇಳಿದರೆ

ಹೋಟೆಲಿನ ಕಥೆ ಇಲ್ಲಿಗೆ ಬಂದು ನಿಂತಿತು. ಪ್ಯಾನೆಲ್ ಹಸಿರು, ದಫ್ತರದಲ್ಲಿ ಬೀಗ. ಹೀಗಾದಾಗ ಅರ್ಧ ಗಂಟೆ ಕಾಯಿರಿ. ಬೀಗ ತೆಗೆದ ಸುದ್ದಿ ರಿಜಿಸ್ಟ್ರಿಗೆ ತಲುಪಲು ಸಾಮಾನ್ಯವಾಗಿ ಕೆಲವೇ ನಿಮಿಷ ಸಾಕು. ನಾವು ಒಂದು ಕಾಫಿ ಕುಡಿದು ಮತ್ತೆ ನೋಡಿದೆವು. ಅದೇ ಮೂರು ಸಾಲು.

ಅರ್ಧ ಗಂಟೆ ಕಳೆದರೂ ಬದಲಾಗದಿದ್ದರೆ ಲುಕಪ್‌ನಲ್ಲಿ ‘ರಿಜಿಸ್ಟ್ರಾರ್’ ಅಂತ ಯಾರ ಹೆಸರಿದೆ ನೋಡಿ. ನೀವು ಪ್ರತಿ ವರ್ಷ ದುಡ್ಡು ಕೊಡುವ ಕಂಪನಿಯ ಹೆಸರು ಅಲ್ಲಿ ಇಲ್ಲದೇ ಇರಬಹುದು. ನಮ್ಮಲ್ಲಿ ಡೊಮೇನ್ ಮಾರುವ ಸಣ್ಣ ಕಂಪನಿಗಳಲ್ಲಿ ಬಹಳಷ್ಟು ರೀಸೆಲ್ಲರ್‌ಗಳು. ಅವರು ದೊಡ್ಡ ರಿಜಿಸ್ಟ್ರಾರ್ ಒಬ್ಬರಿಂದ ತಂದು ಕೊಡುತ್ತಾರೆ. ರೀಸೆಲ್ಲರ್ ಪ್ಯಾನೆಲ್‌ನಲ್ಲಿ ನೀವು ಒತ್ತಿದ ಬಟನ್ ಬರೀ ಒಂದು ಕೋರಿಕೆ. ಆ ಕೋರಿಕೆಯನ್ನು ಮೇಲಿನವರು ತಿರಸ್ಕರಿಸಿದರೂ ಕೆಲವು ಪ್ಯಾನೆಲ್‌ಗಳು ಹಸಿರನ್ನೇ ತೋರಿಸುತ್ತವೆ. ಇದು ದೊಡ್ಡ ತಪ್ಪು. ಜನರ ವಾರಗಟ್ಟಲೆ ಸಮಯ ಇದರಲ್ಲೇ ಹೋಗುತ್ತದೆ.

ಲುಕಪ್‌ನಲ್ಲಿ ಆ ಅಸಲಿ ರಿಜಿಸ್ಟ್ರಾರ್‌ನ ಇಮೇಲ್, ಫೋನ್ ಎರಡೂ ಇರುತ್ತವೆ. ನಾವು ಅವರಿಗೇ ಬರೆದೆವು. ಒಂದೇ ಪ್ರಶ್ನೆ ಕೇಳಿದೆವು: ಬೀಗ ತೆಗೆಯುವ ಕೋರಿಕೆ ಯಾಕೆ ನಿಂತಿದೆ, ಕಾರಣ ಬರೆದು ಕೊಡಿ. ಮರುದಿನ ಬೆಳಿಗ್ಗೆ ಎರಡು ಸಾಲಿನ ಉತ್ತರ ಬಂತು. ಜೂನ್ 6ರಂದು ಡೊಮೇನ್ ಮಾಲೀಕರ ಇಮೇಲ್ ಬದಲಾಗಿದೆ, 60 ದಿನ ಟ್ರಾನ್ಸ್‌ಫರ್ ಇಲ್ಲ.

ಬದಲಿಸಿದ್ದು ಯಜಮಾನರ ಮಗ. ಒಳ್ಳೆಯ ಮನಸ್ಸಿನಿಂದಲೇ. “ಹಳೇ ಇಮೇಲ್ ಇತ್ತಲ್ಲ ಅಣ್ಣ, ಟ್ರಾನ್ಸ್‌ಫರ್‌ಗೆ ಮೊದಲು ಎಲ್ಲ ಸರಿ ಮಾಡಿ ಇಡುವಾ ಅಂತ ಮಾಡಿದೆ” ಅಂದ. ಹತ್ತರಲ್ಲಿ ಐದು ಮಂದಿ ಮಾಡುವುದು ಹೀಗೇ.

ಆ 60 ದಿನದ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನ ಜಾಸ್ತಿ ಸಿಕ್ಕಿಬೀಳುವ ಜಾಗ ಇದು.

ಐಕ್ಯಾನ್‌ನ ಟ್ರಾನ್ಸ್‌ಫರ್ ನಿಯಮದಲ್ಲಿ 60 ದಿನ ಅನ್ನುವುದು ಮೂರು ಕಡೆ ಬರುತ್ತದೆ. ಹೊಸದಾಗಿ ನೋಂದಾಯಿಸಿದ ಡೊಮೇನನ್ನು ಮೊದಲ 60 ದಿನ ಬಿಡದಿರಲು ರಿಜಿಸ್ಟ್ರಾರ್‌ಗೆ ಹಕ್ಕಿದೆ. ಒಂದು ಸಲ ಟ್ರಾನ್ಸ್‌ಫರ್ ಆಗಿ ಬಂದದ್ದನ್ನೂ ಹಾಗೆಯೇ 60 ದಿನ ಬಿಡದಿರಬಹುದು. ಮೂರನೆಯದು ಮಾಲೀಕರ ವಿವರ ಬದಲಾದಾಗ ಬೀಳುವ ಬೀಗ. ಇದು 2016ರ ಡಿಸೆಂಬರ್ 1ರಿಂದ ಬಂತು.

ಮಾಲೀಕರ ವಿವರ ಅಂದರೆ ಯಾವುದು? ಹೆಸರು, ಸಂಸ್ಥೆಯ ಹೆಸರು, ಇಮೇಲ್. ಈ ಮೂರರಲ್ಲಿ ಒಂದನ್ನು ಬದಲಿಸಿದರೂ ಬೀಗ ಬೀಳಬಹುದು. ಬರೀ ಫೋನ್ ನಂಬರ್ ಬದಲಿಸಿದರೆ ಬೀಳುವುದಿಲ್ಲ. ಹೆಸರಿನ ಒಂದಕ್ಷರದ ತಪ್ಪು ತಿದ್ದಿದರೆ ನಿಯಮದ ಪ್ರಕಾರ ಬೀಳಬಾರದು. ಆದರೆ ನೀವು ತಿದ್ದಿದ್ದು ಅಕ್ಷರವೋ ಹೊಸ ಮನುಷ್ಯನೋ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಅದನ್ನೂ ಮುಟ್ಟದೇ ಇರುವುದು ಒಳ್ಳೆಯದು. ಪ್ರೈವಸಿ ಸೇವೆ ಇದ್ದರೆ ಅದನ್ನೂ ಸುಮ್ನೆ ಆರಿಸಿ ಹಚ್ಚಿ ಮಾಡಬೇಡಿ.

ಸರಿ, ಹೆಸರು ಅಥವಾ ಇಮೇಲ್ ಬದಲಿಸಲೇಬೇಕು ಅಂತಿದ್ದರೆ? ಮೊದಲು ಟ್ರಾನ್ಸ್‌ಫರ್ ಮಾಡಿ, ಹೊಸ ಕಡೆ ಹೋದ ಮೇಲೆ ಬದಲಿಸಿ. ಆ ಕ್ರಮದಲ್ಲಿ ಹೋದರೆ ಬೀಗ ಬಿದ್ದರೂ ನಿಮಗೆ ತೊಂದರೆ ಇಲ್ಲ, ನೀವು ಆಗಲೇ ತಲುಪಿರುತ್ತೀರಿ. ಹಳೆಯ ಇಮೇಲಿಗೆ ಬರುವ ಒಪ್ಪಿಗೆ ಪತ್ರ ನೋಡಲು ಆಗುವುದೇ ಇಲ್ಲ, ಮೊದಲೇ ಬದಲಿಸಬೇಕು ಅನ್ನುವ ಪರಿಸ್ಥಿತಿ ಇದ್ದರೆ ಇನ್ನೊಂದು ದಾರಿ ಇದೆ. ಬದಲಾವಣೆಗೆ ಮುಂಚೆ ‘60 ದಿನದ ಬೀಗ ನನಗೆ ಬೇಡ’ ಅಂತ ಹೇಳುವ ಅವಕಾಶವನ್ನು ರಿಜಿಸ್ಟ್ರಾರ್ ಕೊಡಬಹುದು. ಕೊಡಲೇಬೇಕು ಅಂತ ಇಲ್ಲ. ಕೊಡುವ ಕಡೆ ಫಾರ್ಮಿನ ಕೆಳಗೆ ಒಂದು ಸಣ್ಣ ಚೌಕ ಇರುತ್ತದೆ, ಅದಕ್ಕೆ ಗುರುತು ಹಾಕಬೇಕು. ಬದಲಾವಣೆ ಮುಗಿದ ಮೇಲೆ ಆ ಚೌಕ ಸಿಗುವುದಿಲ್ಲ.

ಹೋಟೆಲಿನ ಹುಡುಗ ಆ ಚೌಕ ನೋಡಿರಲಿಲ್ಲ. ನಾನು ಮೇಜಿನ ಮೇಲಿದ್ದ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ರಿಜಿಸ್ಟ್ರಾರ್ ಕೊಟ್ಟ ಸಮಯ ಜೂನ್ 6, 18:50. ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಇಲ್ಲಿ ಜೂನ್ 7, ರಾತ್ರಿ 12 ಗಂಟೆ 20 ನಿಮಿಷ. ಹೋಟೆಲ್ ಬಾಗಿಲು ಹಾಕಿದ ಮೇಲೆ ಹುಡುಗ ಕೂತು ಮಾಡಿದ್ದಾನೆ. 60 ದಿನ ಸೇರಿಸಿದರೆ ಆಗಸ್ಟ್ 5, 18:50. ನಮ್ಮ ಲೆಕ್ಕದಲ್ಲಿ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ. ಈ ಐದೂವರೆ ಗಂಟೆ ಮರೆತು ಆಗಸ್ಟ್ 5ರ ಸಂಜೆ ಏಳಕ್ಕೆ ಪ್ರಯತ್ನಿಸಿದ್ದರೆ ಮತ್ತೆ ಕೆಂಪು ಸಾಲೇ ಬರುತ್ತಿತ್ತು.

ಇನ್ನೊಂದು ತೊಡಕೂ ಇತ್ತು. ಡೊಮೇನಿನ ಅವಧಿ ಮುಗಿಯುವುದು ಜುಲೈ 22ಕ್ಕೆ. ಬೀಗ ಬಿಡುವುದು ಅದಾದ ಮೇಲೆ. ಇಲ್ಲಿ ತುಂಬಾ ಜನ ‘ಹೇಗೂ ಹೋಗುವುದಿದೆ, ಇಲ್ಲಿ ಯಾಕೆ ರಿನ್ಯೂ ಮಾಡಬೇಕು’ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ನಾವು ಜುಲೈ ಮೊದಲ ವಾರದಲ್ಲೇ ಹಳೆಯ ಕಡೆ ದುಡ್ಡು ಕಟ್ಟಿ ಒಂದು ವರ್ಷ ಮುಂದಕ್ಕೆ ಹಾಕಿಸಿದೆವು. ಅವಧಿ ಮುಗಿಯುವ ಮುಂಚೆ ನೀವಾಗಿ ಮಾಡಿಸಿದ ವರ್ಷ ಟ್ರಾನ್ಸ್‌ಫರ್ ಆದರೂ ಉಳಿಯುತ್ತದೆ. ಅದರ ಮೇಲೆ ಟ್ರಾನ್ಸ್‌ಫರ್‌ನ ಜೊತೆ ಬರುವ ಇನ್ನೊಂದು ವರ್ಷ ಸೇರುತ್ತದೆ. ಅವಧಿ ಮುಗಿದ ದಿನ ರಿಜಿಸ್ಟ್ರಿ ತಾನಾಗಿ ಸೇರಿಸುವ ವರ್ಷದ ಕಥೆ ಬೇರೆ. ಅದಾದ 45 ದಿನದೊಳಗೆ ಟ್ರಾನ್ಸ್‌ಫರ್ ಮಾಡಿದರೆ ಆ ವರ್ಷ ರದ್ದಾಗುತ್ತದೆ. ಹಳೆಯ ಕಂಪನಿಗೆ ಆಗ ನೀವು ದುಡ್ಡು ಕಟ್ಟಿದ್ದರೆ ಅದನ್ನು ಹಿಂದೆ ಕೇಳಿ.

ಕೋಡ್ ತಪ್ಪು ಅಂದರೆ

ಬೀಗ ನಿಜವಾಗಿಯೂ ತೆಗೆದಿದೆ, ದಫ್ತರದಲ್ಲೂ ಇಲ್ಲ. ಆದರೂ ಆಗುತ್ತಿಲ್ಲ. ಹಾಗಾದರೆ ಕೋಡ್ ನೋಡಿ. ಇದನ್ನು ಆಥ್ ಕೋಡ್, ಇಪಿಪಿ ಕೋಡ್, ಟ್ರಾನ್ಸ್‌ಫರ್ ಕೋಡ್ ಅಂತ ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೆಯುತ್ತಾರೆ. ಎಲ್ಲವೂ ಒಂದೇ.

ನಮ್ಮ ಜನರಲ್ಲಿ ಕೋಡ್ ಕೆಡುವುದು ವಾಟ್ಸಾಪ್‌ನಲ್ಲಿ. ಕೋಡಿನಲ್ಲಿ ಎರಡು ನಕ್ಷತ್ರ ಚಿಹ್ನೆ ಇದ್ದರೆ ವಾಟ್ಸಾಪ್ ಅವುಗಳ ನಡುವಿನ ಅಕ್ಷರಗಳನ್ನು ದಪ್ಪ ಮಾಡಿಬಿಡಬಹುದು, ಚಿಹ್ನೆ ಕಣ್ಣಿಗೆ ಕಾಣುವುದಿಲ್ಲ. ಎರಡು ಅಂಡರ್‌ಸ್ಕೋರ್ ಇದ್ದರೆ ಅಕ್ಷರ ಓರೆಯಾಗುತ್ತದೆ, ಗೆರೆ ಮಾಯ. ಫೋನ್ ನೋಡಿ ಕಂಪ್ಯೂಟರಲ್ಲಿ ಟೈಪ್ ಮಾಡುವವರಿಗೆ ಎರಡು ಅಕ್ಷರ ಕಮ್ಮಿಯಾಯಿತು ಅಂತ ಗೊತ್ತೇ ಆಗುವುದಿಲ್ಲ. ಒಮ್ಮೆ ಒಬ್ಬರು ಮೂರು ದಿನ ಹೀಗೇ ಒದ್ದಾಡಿದ್ದರು. ನಾನು ಫೋನಿನಲ್ಲಿ “ಆ ಕೋಡಿನ ನಡುವೆ ಎಲ್ಲಾದರೂ ದಪ್ಪ ಅಕ್ಷರ ಉಂಟಾ?” ಅಂತ ಕೇಳಿದೆ. ಇತ್ತು.

ಅದಲ್ಲದೆ ಸೊನ್ನೆಯೋ ಓ ಅಕ್ಷರವೋ, ಒಂದೋ ಎಲ್ ಅಕ್ಷರವೋ ಅನ್ನುವ ಗೊಂದಲ ಇದ್ದದ್ದೇ. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದೂ ಇದೆ. ಪ್ಯಾನೆಲ್‌ನಿಂದ ನೇರವಾಗಿ ನೋಟ್‌ಪ್ಯಾಡಿಗೆ ಹಾಕಿ, ಹಿಂದೆ ಮುಂದೆ ನೋಡಿ, ಅಲ್ಲಿಂದ ಹೊಸ ಕಡೆ ಹಾಕಿ. ಇಬ್ಬರು ಬೇರೆ ಬೇರೆಯಾಗಿ ಕೋಡ್ ತರಿಸಿದ್ದರೆ ಮೊದಲು ಬಂದದ್ದು ಸತ್ತಿರಬಹುದು, ಕೊನೆಯದನ್ನೇ ಬಳಸಿ. ಈ ಕೋಡ್ ಇದ್ದವರ ಕೈಯಲ್ಲಿ ನಿಮ್ಮ ಡೊಮೇನಿನ ಅರ್ಧ ಬೀಗದ ಕೈ ಇದ್ದ ಹಾಗೆ. ಸಂಘದ ಗ್ರೂಪಿನಲ್ಲಿ ದಯವಿಟ್ಟು ಹಾಕಬೇಡಿ.

ಕೋಡ್ ಕೇಳಿದರೆ ಕೊಡುವುದಿಲ್ಲ ಅನ್ನುವ ಕಂಪನಿಗಳೂ ಇವೆ. ನಿಯಮ ನಿಮ್ಮ ಕಡೆ ಇದೆ. ಕೇಳಿದ ಐದು ದಿನದೊಳಗೆ ಕೋಡ್ ಕೊಡಬೇಕು. ಪ್ಯಾನೆಲ್‌ನಲ್ಲಿ ಬೀಗ ತೆಗೆಯಲು ವ್ಯವಸ್ಥೆ ಇಲ್ಲದಿದ್ದರೆ ಅದನ್ನೂ ಐದು ದಿನದೊಳಗೆ ತೆಗೆದುಕೊಡಬೇಕು. ರಜೆ, ಭಾನುವಾರ ಎಲ್ಲ ಸೇರಿ ಐದು.

ಪೆಂಡಿಂಗ್‌ನಲ್ಲೇ ನಿಂತರೆ

ಕೋಡ್ ಒಪ್ಪಿದ ಮೇಲೆ ಸ್ಟೇಟಸ್‌ನಲ್ಲಿ ‘ಪೆಂಡಿಂಗ್ ಟ್ರಾನ್ಸ್‌ಫರ್’ ಬರುತ್ತದೆ. ಇದು ದೋಷ ಅಲ್ಲ. ಬೇಡ ಅನ್ನಲು ಹಳೆಯ ರಿಜಿಸ್ಟ್ರಾರ್‌ಗೆ ಐದು ದಿನ ಇರುತ್ತದೆ. ಏನೂ ಹೇಳದಿದ್ದರೆ ಒಪ್ಪಿದ ಹಾಗೆ, ಡೊಮೇನ್ ತಾನಾಗಿ ಹೋಗುತ್ತದೆ. ಈ ನಡುವೆ ನಿಮಗೆ ಹಳೆಯ ಕಂಪನಿಯಿಂದ ಒಂದು ಇಮೇಲ್ ಬರುತ್ತದೆ. ಅದನ್ನು ಪೂರ್ತಿ ಓದಿ. ಅದರಲ್ಲಿರುವ ಲಿಂಕು ಟ್ರಾನ್ಸ್‌ಫರ್ ರದ್ದು ಮಾಡಲು ಇರಬಹುದು. ಒಪ್ಪಿಗೆಯ ಲಿಂಕು ಅಂದುಕೊಂಡು ಅವಸರದಲ್ಲಿ ಒತ್ತಿ, ತಾವೇ ರದ್ದು ಮಾಡಿಕೊಂಡವರನ್ನು ನೋಡಿದ್ದೇನೆ.

ಐದನೇ ದಿನ ತಿರಸ್ಕಾರ ಬಂದರೆ ಕಾರಣ ಕೇಳಿ. ಹೇಳಲೇಬೇಕು. ಮೋಸದ ಅನುಮಾನ, ಮಾಲೀಕರು ಯಾರು ಅನ್ನುವ ಗೊಂದಲ, ಕಳೆದ ಅವಧಿಯ ದುಡ್ಡು ಬಾಕಿ, ಇವೆಲ್ಲ ಒಪ್ಪಬಹುದಾದ ಕಾರಣಗಳು. ‘ಮುಂದಿನ ವರ್ಷದ ಫೀಸು ಕಟ್ಟಿ, ಆಮೇಲೆ ಬಿಡುತ್ತೇವೆ’ ಅನ್ನುವುದು ಒಪ್ಪುವ ಕಾರಣ ಅಲ್ಲ. ರೀಸೆಲ್ಲರ್ ತನ್ನ ಮೇಲಿನವರಿಗೆ ದುಡ್ಡು ಕೊಟ್ಟಿಲ್ಲ, ನೀವು ನಿಮ್ಮ ಪಾಲು ಕೊಟ್ಟಿದ್ದೀರಿ ಅಂತಾದರೆ ಅದನ್ನೂ ನಿಮ್ಮ ತಲೆಗೆ ಕಟ್ಟುವ ಹಾಗಿಲ್ಲ. ಕೋರಿಕೆಯ ದಿನಾಂಕ, ಉತ್ತರ, ರಸೀದಿ, ಸ್ಕ್ರೀನ್‌ಶಾಟ್ ಎಲ್ಲ ಒಂದು ಕಡೆ ಇಟ್ಟುಕೊಂಡು ಐಕ್ಯಾನ್‌ನ ದೂರು ಫಾರ್ಮಿನಲ್ಲಿ ಹಾಕಿ. ಮೊದಲು ಕಂಪನಿಗೆ ‘ದೂರು ಕೊಡುತ್ತೇವೆ’ ಅಂತ ವಿನಯದಿಂದ ಒಂದು ಇಮೇಲ್ ಬರೆದು ನೋಡಿ. ಬಹಳ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ.

ಡಾಟ್ ಇನ್ ಹೆಸರುಗಳಿಗೆ ಐಕ್ಯಾನ್‌ಗೆ ದೂರು ಕೊಟ್ಟು ಉಪಯೋಗವಿಲ್ಲ. ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಕೋಡ್, ಬೀಗ, ಸ್ಟೇಟಸ್ ಎಲ್ಲ ಅಲ್ಲೂ ಇದೇ ತರಹ. ಆದರೆ ನಿಯಮ ಮಾಡುವವರು ಅವರು, ಹಾಗಾಗಿ ಮೇಲೆ ಹೇಳಿದ ದಿನದ ಲೆಕ್ಕಗಳನ್ನು ಡಾಟ್ ಇನ್‌ಗೆ ಹಾಗೇ ಅಂಟಿಸಬೇಡಿ. ನೀವು ಹೋಗುವ ಹೊಸ ರಿಜಿಸ್ಟ್ರಾರ್‌ಗೆ ನಿಕ್ಸಿಯ ಮಾನ್ಯತೆ ಇದೆಯೇ ಅಂತ ಮೊದಲೇ ನೋಡಿ. ಕನ್ನಡ ಅಕ್ಷರದ ಡಾಟ್ ಭಾರತ ಹೆಸರು ಇಟ್ಟುಕೊಂಡವರು ಇದನ್ನು ಎರಡು ಸಲ ನೋಡಿ. ಅದನ್ನು ತೆಗೆದುಕೊಳ್ಳದ ಹೊರದೇಶದ ರಿಜಿಸ್ಟ್ರಾರ್‌ಗಳಿದ್ದಾರೆ.

ಅಪರೂಪದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಡಾಟ್ ಕಾಮ್ ಹೆಸರನ್ನು ಹತ್ತು ವರ್ಷಕ್ಕಿಂತ ಮುಂದಕ್ಕೆ ಇಟ್ಟುಕೊಳ್ಳುವಂತಿಲ್ಲ. ಆಗಲೇ ಒಂಬತ್ತೂವರೆ ವರ್ಷದ ದುಡ್ಡು ಕಟ್ಟಿಟ್ಟಿದ್ದರೆ ಟ್ರಾನ್ಸ್‌ಫರ್‌ನ ಒಂದು ವರ್ಷ ಪೂರ್ತಿ ಸೇರಲು ಜಾಗ ಇರುವುದಿಲ್ಲ.

ಅವಧಿ ಮುಗಿದು ಹೋಗಿದ್ದರೆ

ಅವಧಿ ಮುಗಿದ ತಕ್ಷಣ ಡೊಮೇನ್ ಕೈಬಿಟ್ಟು ಹೋಗುವುದಿಲ್ಲ. ಮುಗಿದಿದೆ ಅನ್ನುವುದೊಂದನ್ನೇ ಕಾರಣ ಮಾಡಿ ಟ್ರಾನ್ಸ್‌ಫರ್ ತಡೆಯುವಂತಿಲ್ಲ. ಆದರೆ ಸ್ಟೇಟಸ್‌ನಲ್ಲಿ ‘ರಿಡೆಂಪ್ಷನ್ ಪೀರಿಯಡ್’ ಅಂತ ಕಂಡರೆ ಟ್ರಾನ್ಸ್‌ಫರ್ ಆಗುವುದಿಲ್ಲ. ಅದು 30 ದಿನ ಇರುತ್ತದೆ. ಹಳೆಯ ಕಡೆಯೇ ಜಾಸ್ತಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಅದಾದ ಮೇಲೆ ಬರುವ ‘ಪೆಂಡಿಂಗ್ ಡಿಲೀಟ್’ ಐದು ದಿನ. ಅಲ್ಲಿಗೆ ಬಂದರೆ ಬಿಡಿಸುವ ದಾರಿಯೂ ಇಲ್ಲ.

ಇಲ್ಲಿ ಒಂದು ಬಲೆ ಇದೆ. ಮಾಲೀಕರ ಇಮೇಲ್ ಅದೇ ಡೊಮೇನಿನದ್ದಾಗಿದ್ದರೆ, ಅವಧಿ ಮುಗಿದಾಗ ಇಮೇಲೂ ನಿಲ್ಲುತ್ತದೆ. ಕೋಡ್ ಬರುವುದು ಅದೇ ಇಮೇಲಿಗೆ. ಚಾವಿ ಒಳಗೇ ಇಟ್ಟು ಲ್ಯಾಚ್ ಬಾಗಿಲು ಎಳೆದುಕೊಂಡ ಹಾಗಾಯಿತು. ಡೊಮೇನ್ ಮಾಲೀಕರ ಇಮೇಲ್ ಯಾವಾಗಲೂ ಬೇರೆ ಕಡೆಯದ್ದಿರಲಿ.

ಹೆಸರು ನಿಮ್ಮದೇ ಅಲ್ಲದಿದ್ದರೆ

ಠಾಣೆ ಕಡೆಯ ಒಂದು ಕನ್ನಡ ಸಂಘದ ಡೊಮೇನ್ ಹತ್ತು ವರ್ಷದ ಹಿಂದಿನ ಕಾರ್ಯದರ್ಶಿಯ ಹೆಸರಲ್ಲಿತ್ತು. ಅವರು ಊರಿಗೆ ಹೋಗಿ ನೆಲೆಸಿದ್ದರು. ದುಡ್ಡು ಕಟ್ಟುತ್ತಿದ್ದದ್ದು ಸಂಘವೇ. ಆದರೆ ರಿಜಿಸ್ಟ್ರಾರ್ ಕಣ್ಣಿಗೆ ಮಾಲೀಕರು ಅವರು. ಪಗಡಿ ಕೊಟ್ಟು ಬಾಡಿಗೆಗೆ ಹಿಡಿದ ಅಂಗಡಿಯ ರಸೀದಿ ಯಾರ ಹೆಸರಲ್ಲಿದೆಯೋ ಅವರನ್ನೇ ಕೇಳುವುದಲ್ವಾ, ಹಾಗೆ. ಹೊಸ ಸಮಿತಿಯವರು ವಕೀಲರ ನೋಟಿಸ್ ಕಳಿಸುವಾ ಅಂತಿದ್ದರು. ನಾನು ಬೇಡ ಅಂದೆ. ಹಿರಿಯರೊಬ್ಬರು ಫೋನ್ ಮಾಡಿ “ಅಣ್ಣಾ, ನಿಮ್ಮ ಕಾಲದಲ್ಲಿ ಮಾಡಿಸಿದ್ದು, ನಿಮ್ಮ ಒಂದು ಒಟಿಪಿ ಬೇಕಿತ್ತು” ಅಂದರು. ಅವರು ಸಂಜೆಯೇ ಲಾಗಿನ್ ಕೊಟ್ಟರು. ಟ್ರಾನ್ಸ್‌ಫರ್ ಅವರ ಹೆಸರಲ್ಲೇ ಮಾಡಿದೆವು, ಆಮೇಲೆ ಹೊಸ ಕಡೆ ಸಂಘದ ಹೆಸರಿಗೆ ಬದಲಿಸಿದೆವು. ಕ್ರಮ ಅದೇ, ಮೊದಲು ಟ್ರಾನ್ಸ್‌ಫರ್, ಆಮೇಲೆ ಹೆಸರು.

ಹೋದ ಮೇಲೆ ಸೈಟ್ ನಿಂತರೆ

ನಿಮ್ಮ ಸೈಟ್, ಇಮೇಲ್ ಎಲ್ಲಿದೆ ಅಂತ ಹೇಳುವ ಕಂಪ್ಯೂಟರು ನೇಮ್‌ಸರ್ವರ್. ಟ್ರಾನ್ಸ್‌ಫರ್‌ನಿಂದ ಅದು ಬದಲಾಗುವುದಿಲ್ಲ. ಹಾಗಾಗಿ ಸೈಟ್ ನಿಲ್ಲಬಾರದು. ಆದರೂ ನಿಲ್ಲುತ್ತದೆ. ಯಾಕೆಂದರೆ ಆ ನೇಮ್‌ಸರ್ವರ್ ಹಳೆಯ ಕಂಪನಿಯದ್ದೇ ಆಗಿರುತ್ತದೆ. ಗಿರಾಕಿ ಹೋದ ಮೇಲೆ ಅವರು ಆ ದಾರಿ ತೋರಿಸುವ ಡಿಎನ್‌ಎಸ್ ಸೇವೆ ನಿಲ್ಲಿಸುತ್ತಾರೆ. ಸೈಟ್ ಹೋಯಿತು, ಇಮೇಲೂ ಹೋಯಿತು. ಟ್ರಾನ್ಸ್‌ಫರ್‌ಗೆ ಕೆಲವು ದಿನ ಮುಂಚೆಯೇ ಡಿಎನ್‌ಎಸ್ ದಾಖಲೆಗಳನ್ನೆಲ್ಲ ಹೊಸ ಜಾಗದಲ್ಲಿ ಬರೆದು, ನೇಮ್‌ಸರ್ವರ್ ಅಲ್ಲಿಗೆ ತಿರುಗಿಸಿ. ಸೈಟಿನ ಎ, ಸಿನೇಮ್ ದಾಖಲೆ, ಇಮೇಲಿನ ಎಂಎಕ್ಸ್ ದಾಖಲೆ ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಇಮೇಲ್ ಅಸಲಿ ಅಂತ ತೋರಿಸುವ ಟಿಎಕ್ಸ್‌ಟಿ ದಾಖಲೆಗಳು. ಅದು ಬಿಟ್ಟುಹೋದರೆ ನಿಮ್ಮ ಬಿಲ್, ಕೊಟೇಶನ್ ಇಮೇಲ್‌ಗಳು ಗಿರಾಕಿಯ ಸ್ಪ್ಯಾಮ್‌ಗೆ ಹೋಗಿ ಬೀಳುತ್ತವೆ.

ವಿಚಿತ್ರ ಲಕ್ಷಣ ಒಂದಿದೆ. ಒಂದು ಇಂಟರ್ನೆಟ್‌ನಲ್ಲಿ ಸೈಟ್ ತೆರೆಯುತ್ತದೆ, ಇನ್ನೊಂದರಲ್ಲಿ ಇಲ್ಲ. ಆಗ ಡಿಎನ್‌ಎಸ್‌ಸೆಕ್ ಕಡೆ, ಅಂದರೆ ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆಯ ಕಡೆ ನೋಡಿ. ಹಳೆಯ ಕಡೆ ಅದನ್ನು ಹಚ್ಚಿಟ್ಟಿದ್ದರೆ ಆ ಸಹಿಯನ್ನು ಹೊಂದಿಸಿ ನೋಡಲು ರಿಜಿಸ್ಟ್ರಿಯಲ್ಲಿ ಡಿಎಸ್ ಅನ್ನುವ ದಾಖಲೆ ಇರುತ್ತದೆ. ನೇಮ್‌ಸರ್ವರ್ ಬದಲಾದರೂ ಅದು ಹಳೆಯದೇ ಉಳಿದರೆ ಸಹಿ ಹೊಂದುವುದಿಲ್ಲ. ಗೂಗಲ್‌ನ 8.8.8.8 ತರಹ ಸಹಿ ನೋಡುವ ಸರ್ವರ್‌ಗಳು ಸೈಟನ್ನು ತೆರೆಯಲು ಬಿಡುವುದಿಲ್ಲ, ನೋಡದವು ಬಿಡುತ್ತವೆ. ನೇಮ್‌ಸರ್ವರ್ ಮುಟ್ಟುವ ಮುಂಚೆ ಡಿಎಸ್ ತೆಗೆಸಿ, ಪೂರ್ತಿ ಒಂದು ದಿನ ಬಿಡಿ, ಆಮೇಲೆ ಬದಲಿಸಿ.

ಬೀಗ ಮತ್ತೆ ಹಾಕಿ

ಇಷ್ಟೆಲ್ಲ ತೊಂದರೆ ಕೊಡುವ ಬೀಗ ಯಾಕೆ ಬೇಕು ಅಂತ ಯಜಮಾನರು ಕೇಳಿದ್ದರು. ನಾನು 2005ರ ಜನವರಿಯ ಕಥೆ ಹೇಳಿದೆ. ನ್ಯೂಯಾರ್ಕಿನ ಪ್ಯಾನಿಕ್ಸ್ ಅನ್ನುವ ಹಳೆಯ ಇಂಟರ್ನೆಟ್ ಕಂಪನಿಯ ಡೊಮೇನು ಒಂದು ವಾರಾಂತ್ಯದಲ್ಲಿ ಅವರಿಗೆ ಗೊತ್ತಿಲ್ಲದೆ ಬೇರೆ ದೇಶದ ರಿಜಿಸ್ಟ್ರಾರ್‌ಗೆ ಹೋಗಿಬಿಟ್ಟಿತ್ತು. ಅವರ ಗಿರಾಕಿಗಳ ಇಮೇಲ್ ಬೇರೆ ಕಡೆ ಹೋಗತೊಡಗಿತು. ಸುಮ್ಮನಿದ್ದರೆ ಒಪ್ಪಿದ ಹಾಗೆ ಅನ್ನುವ ನಿಯಮ 2004ರ ನವೆಂಬರ್‌ನಲ್ಲಿ ಬಂದಿತ್ತಷ್ಟೇ. ಕೇಳುವವರಿಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಒಂದು ಬೀಗ ಇರಬೇಕು. ಅದಕ್ಕೇ ಬೀಗವನ್ನು ಕೊನೆಗೆ ತೆಗೆಯಬೇಕು, ಬೇರೆ ಎಲ್ಲ ಸಿದ್ಧವಾದ ಮೇಲೆ. ವಾರ ಮೊದಲೇ ತೆಗೆದಿಡಬಾರದು.

ಆಗಸ್ಟ್ 6ರ ಬೆಳಿಗ್ಗೆ ನಾನೂ ಆ ಹುಡುಗನೂ ಮತ್ತೆ ಅದೇ ಮೇಜಿನಲ್ಲಿ ಕೂತೆವು. ಬೀಗ ತೆಗೆದು ದಫ್ತರ ನೋಡಿದೆವು. ನಡುವಿನ ಸಾಲು ಹೋಗಿತ್ತು. ಕೋಡ್ ನೇರ ಪ್ಯಾನೆಲ್‌ನಿಂದ ಹಾಕಿದೆವು. ಪೆಂಡಿಂಗ್ ಟ್ರಾನ್ಸ್‌ಫರ್ ಬಂತು. 11ನೇ ತಾರೀಕು ಡೊಮೇನ್ ಹೊಸ ಕಡೆ ತಲುಪಿತು. ಹೊಸ ಪ್ಯಾನೆಲ್‌ನಲ್ಲಿ ಬೀಗ ಹಾಕಿ, ಹತ್ತು ನಿಮಿಷ ಬಿಟ್ಟು ಲುಕಪ್ ತೆರೆದು ಹುಡುಗನ ಕೈಯಿಂದಲೇ ಓದಿಸಿದೆ: ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್. ಎರಡು ವರ್ಷ ಮುಂದಕ್ಕೆ ಹೋಗಿದ್ದ ಕೊನೆಯ ದಿನಾಂಕವನ್ನು ಯಜಮಾನರು ಗಲ್ಲಾದ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಅದರ ಪಕ್ಕದಲ್ಲಿ ರಿಜಿಸ್ಟ್ರಾರ್‌ನ ಹೆಸರೂ ಬರೆದರು.